ನಮ್ಮ ಹೆಸರಲ್ಲಿ ಗೆದ್ದ ಮನೆಯನ್ನು ನಮಗೆ ತೋರಿಸಿ

ರೋರಿಕ್ ಮತ್ತು ದೇವಿಕಾರಾಣಿ ರೋರಿಕ್ ಎಸ್ಟೇಟ್ ಮಂಡಳಿಯವರಿಗೆ ಒಂದು ಬಹಿರಂಗ ಪತ್ರ



ಕನಕಪುರ ರಸ್ತೆಯ ತಾತಗುಣಿಯಲ್ಲಿ ನಿಮ್ಮ ವಶದಲ್ಲಿರುವ ಮನೆಯ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೆಂಗೇರಿಯವನು. ನಿಮ್ಮ ಎಸ್ಟೇಟಿನ ಜಮೀನು ದಾಖಲೆಗಳ ಪ್ರಕಾರ ಬೆಂಗಳೂರು ದಕ್ಷಿಣ ತಾಲ್ಲೂಕಿನ ಕೆಂಗೇರಿ ಮತ್ತು ಉತ್ತರಹಳ್ಳಿ ಹೋಬಳಿಗಳಲ್ಲಿ ಹರಡಿಕೊಂಡಿದೆ. ಅಂದರೆ ಕಂದಾಯದ ಲೆಕ್ಕದಲ್ಲಿ ಅದು ನಮ್ಮ ನೆರೆಮನೆ. ಮೈಸೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಕನಕಪುರ ರಸ್ತೆಗೆ ಇಳಿದರೆ ಸ್ವಲ್ಪ ಹೊತ್ತಿನಲ್ಲೇ ಆ ಕಾಂಪೌಂಡು ಸಿಗುತ್ತದೆ. ಹಾಗಿದ್ದೂ ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳಲ್ಲಿ ಬೆಳೆದ ಎರಡು ತಲೆಮಾರಿಗೆ ಅದರ ಒಳಗೇನಿದೆ ಎಂಬುದು ಪತ್ರಿಕೆಗಳಲ್ಲಿ ಅಲ್ಲಿಗೆ ಆನೆ ಬಂದ ಸುದ್ದಿ ಬಂದಾಗ ಮಾತ್ರ ಗೊತ್ತಾಗುತ್ತದೆ. ನನ್ನ ಕೋರಿಕೆ ಒಂದೇ. ಆ ಮನೆಯನ್ನು ಜನರಿಗೆ ತೋರಿಸಿ. ಯಾಕೆ ತೋರಿಸಬೇಕು, ಹೇಗೆ ತೋರಿಸಬಹುದು ಎಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಒಂದು ಹಳೆಯ ಒಪ್ಪಂದದ ವಿಷಯ. 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನ ಶ್ವೇತಭವನದಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ಎದುರಿಗೆ, ಅಮೆರಿಕ ಖಂಡದ ಇಪ್ಪತ್ತೊಂದು ದೇಶಗಳು ಒಂದು ಕರಾರಿಗೆ ಸಹಿ ಹಾಕಿದವು. ಯುದ್ಧವಿರಲಿ ಶಾಂತಿಯಿರಲಿ, ವಸ್ತುಸಂಗ್ರಹಾಲಯಗಳನ್ನೂ ಐತಿಹಾಸಿಕ ಕಟ್ಟಡಗಳನ್ನೂ ಕಲೆ ಮತ್ತು ವಿದ್ಯೆಯ ಸಂಸ್ಥೆಗಳನ್ನೂ ಯಾರೂ ಹಾಳುಮಾಡಕೂಡದು ಎಂಬುದು ಅದರ ತಿರುಳು. ಅಂಥ ಕಟ್ಟಡಗಳ ಮೇಲೆ ಹಾರಿಸಲು ಒಂದು ಬಾವುಟವನ್ನೂ ಗೊತ್ತುಮಾಡಿದರು: ಬಿಳಿ ಬಟ್ಟೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಬಿಂದು. ಎರಡನೇ ಮಹಾಯುದ್ಧ ಮುಗಿದ ಮೇಲೆ 1954ರಲ್ಲಿ ಹೇಗ್‌ನಲ್ಲಿ ಆದ ದೊಡ್ಡ ಒಪ್ಪಂದಕ್ಕೂ ಇದೇ ದಾರಿ ಹಾಕಿಕೊಟ್ಟಿತು. ಈ ಕರಾರಿನ ಹೆಸರು ರೋರಿಕ್ ಒಪ್ಪಂದ. ಅದನ್ನು ಕನಸು ಕಂಡು, ಊರೂರು ಅಲೆದು, ರಾಜಕಾರಣಿಗಳ ಮನವೊಲಿಸಿದವರು ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್. ತಾತಗುಣಿಯ ಮನೆಯ ಯಜಮಾನರಾಗಿದ್ದ ಸ್ವೆಟೊಸ್ಲಾವ್ ರೋರಿಕ್ ಅವರ ಕಿರಿಯ ಮಗ. ಹಳೆಯ ಕಟ್ಟಡಗಳನ್ನು ಕಾಪಾಡಿ ಎಂದು ಲೋಕಕ್ಕೇ ಕರಾರು ಬರೆದುಕೊಟ್ಟ ಮನೆತನದ ಕಟ್ಟಡವೊಂದು ನಮ್ಮ ಹೋಬಳಿಯ ಅಂಚಿನಲ್ಲಿ ಬೀಗ ಹಾಕಿಕೊಂಡಿರುವುದನ್ನು ನೆನೆದರೆ ನನಗೆ ಬಹಳ ಸಂಕಟವಾಗುತ್ತದೆ.

ಆ ಮನೆಯಲ್ಲಿ ಬಾಳಿದ ಇಬ್ಬರ ಬಗ್ಗೆ ಶಾಲೆಯ ಪುಸ್ತಕಗಳಲ್ಲಿ ಇಲ್ಲದ ಒಂದು ಸಂಗತಿಯಿದೆ. ಇಬ್ಬರೂ ವಾಸ್ತುಶಿಲ್ಪ ಓದಿದ್ದವರು. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಸ್ವೆಟೊಸ್ಲಾವ್, ಕ್ರಾಂತಿಯ ನಂತರ ತಂದೆತಾಯಿಯ ಜೊತೆ ಲಂಡನ್ ಸೇರಿ ಅಲ್ಲಿ ವಾಸ್ತುಶಿಲ್ಪದ ತರಗತಿಗೆ ಸೇರಿದರು. ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಅದನ್ನೇ ಮುಂದುವರಿಸಿದರು. ದೇವಿಕಾರಾಣಿ 1908ರಲ್ಲಿ ವಾಲ್ಟೇರಿನಲ್ಲಿ ಹುಟ್ಟಿದರು. ತಂದೆ ಮದ್ರಾಸಿನ ದೊಡ್ಡ ವೈದ್ಯಾಧಿಕಾರಿ, ಮನೆತನ ಠಾಕೂರರ ಬಳಗಕ್ಕೆ ಹತ್ತಿರದ್ದು. ಲಂಡನ್ನಿನಲ್ಲಿ ನಟನೆ, ಸಂಗೀತ ಕಲಿತ ಮೇಲೆ ಅವರು ವಾಸ್ತುಶಿಲ್ಪ ಮತ್ತು ಜವಳಿ ವಿನ್ಯಾಸದ ಕಡೆಗೂ ಹೊರಳಿದರು. ಚಿತ್ರ ನಿರ್ಮಾಪಕ, ಅವರ ಮೊದಲ ಪತಿ ಹಿಮಾಂಶು ರಾಯ್ ಅವರ 'ಎ ಥ್ರೋ ಆಫ್ ಡೈಸ್' ಎಂಬ 1929ರ ಮೂಕಿ ಚಿತ್ರಕ್ಕೆ ಅವರು ದುಡಿದದ್ದು ತೆರೆಯ ಹಿಂದೆ, ವೇಷಭೂಷಣ ಮತ್ತು ಕಲಾ ವಿಭಾಗದಲ್ಲಿ. ನಾವು ಅವರನ್ನು ನೆನೆಯುವುದು ನಟಿಯಾಗಿ. 1934ರಲ್ಲಿ ಬಾಂಬೆ ಟಾಕೀಸ್ ಚಿತ್ರ ಕಂಪನಿ, 1936ರಲ್ಲಿ ಅಶೋಕ್ ಕುಮಾರ್ ಜೊತೆ 'ಅಛೂತ್ ಕನ್ಯಾ', 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡ ಮೇಲೆ ಇಡೀ ಕಂಪನಿಯ ಹೊಣೆ, ಯೂಸುಫ್ ಖಾನ್ ಎಂಬ ಯುವಕನಿಗೆ ದಿಲೀಪ್ ಕುಮಾರ್ ಎಂಬ ಹೆಸರು. ಇಷ್ಟನ್ನು ಮಾಡಿದ ಹೆಂಗಸು 1945ರಲ್ಲಿ ಸಿನಿಮಾವನ್ನು ಪೂರ್ತಿ ಬಿಟ್ಟು ಸ್ವೆಟೊಸ್ಲಾವ್ ಅವರನ್ನು ಮದುವೆಯಾಗಿ ಮೊದಲು ಕುಲ್ಲು ಕಣಿವೆಗೆ, ಅಲ್ಲಿಂದ ಬೆಂಗಳೂರಿಗೆ ಬಂದರು. ದೇಶದ ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದಾಗ ಅವರು ನಮ್ಮೂರಿನ ಪಕ್ಕದ ತೋಟದ ಒಡತಿ.

ಮನೆ ಕಟ್ಟುವ ವಿದ್ಯೆ ಬಲ್ಲ ಇಬ್ಬರು, ಕೈಯಲ್ಲಿ ಸುಮಾರು 470 ಎಕರೆ ಇದ್ದೂ, ಅರಮನೆ ಕಟ್ಟಲಿಲ್ಲ. ವಾಸಕ್ಕೆ ಮನೆ, ಚಿತ್ರ ಬರೆಯಲು ಸ್ಟುಡಿಯೋ, ಎಣ್ಣೆ ಇಳಿಸುವ ಜಾಗ, ಕೆರೆ, ಸುತ್ತ ಮರ. ಈ ಜೋಡಣೆಯೇ ಅಲ್ಲಿಯ ವಾಸ್ತು ಎಂದು ನನಗನ್ನಿಸುತ್ತದೆ. ನಿಮ್ಮ ಎಂಜಿನಿಯರುಗಳು ಆ ಗೋಡೆಗಳನ್ನು ಮಾತ್ರ ಅಳೆದು, ಕೆರೆಯನ್ನೂ ಮರದ ಸಾಲನ್ನೂ ಬೇರೆ ಇಲಾಖೆಯ ಕಡತಕ್ಕೆ ತಳ್ಳಿದರೆ ಆ ಮನೆ ಅರ್ಧವೇ ಉಳಿಯುತ್ತದೆ. ಚಿತ್ರಕಾರನಿಗೆ ಸ್ಟುಡಿಯೋದ ಬೆಳಕು ಎಷ್ಟು ಮುಖ್ಯವೋ ಕಿಟಕಿಯಾಚೆ ಕಾಣುವುದೂ ಅಷ್ಟೇ ಮುಖ್ಯ. ಸ್ವೆಟೊಸ್ಲಾವ್ ಹಿಮಾಲಯದ ಚಿತ್ರಕಾರರೆಂದೇ ಹೆಸರಾದರೂ ದಕ್ಷಿಣಕ್ಕೆ ಬಂದ ಮೇಲೆ ಅವರ ಬಣ್ಣ ಬದಲಾಯಿತು. ಕೆಮ್ಮಣ್ಣು, ತಾಳೆ, ಹೊಲದ ಹೆಂಗಸರು ಅವರ ಚಿತ್ರಗಳೊಳಗೆ ಬಂದರು. ಸಂಸತ್ ಭವನದ ನೆಹರೂ ಭಾವಚಿತ್ರವನ್ನು ಬರೆದ ಕೈ, ಕನಕಪುರ ರಸ್ತೆಯ ಮಣ್ಣನ್ನೂ ಅಷ್ಟೇ ಪ್ರೀತಿಯಿಂದ ನೋಡಿತು. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪನ ಚಿತ್ರಗಳೂ ಮಗನ ಚಿತ್ರಗಳೂ ಇವೆ. ಅವನ್ನು ನೋಡಿ ಬಂದವರು ಆ ಬಣ್ಣ ಹುಟ್ಟಿದ ಜಾಗವನ್ನೂ ನೋಡುವಂತಾಗಬೇಕಲ್ಲವೇ?

ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆ ಎಸ್ಟೇಟಿನ ಹುಟ್ಟೂ ತಕರಾರೂ ಎರಡೂ ಅದರಲ್ಲೇ ಇವೆ. ಎಸ್ಟೇಟಿನಲ್ಲಿ ಬೆಳೆದ ಲಿನಾಲೋ ಮೆಕ್ಸಿಕೋ ಮೂಲದ ಮರ. ಮೆಕ್ಸಿಕೋದಲ್ಲಿ ಮರ ಕಡಿದು ಅದರಿಂದಲೇ ಎಣ್ಣೆ ತೆಗೆಯುತ್ತಿದ್ದರು. ಇಲ್ಲಿ ಮರವನ್ನು ಉಳಿಸಿಕೊಂಡು, ಕಾಯಿ ಬಿಡಿಸಿ, ಅದರ ಸಿಪ್ಪೆಯನ್ನು ಹಬೆಯಲ್ಲಿ ಭಟ್ಟಿ ಇಳಿಸುತ್ತಿದ್ದರು. ಲ್ಯಾವೆಂಡರಿಗೆ ಪರಿಮಳ ಕೊಡುವ ಲಿನಾಲಿಲ್ ಅಸಿಟೇಟ್ ಇದರಲ್ಲೂ ಹೇರಳ. ಸುಗಂಧದ್ರವ್ಯ ಮಾಡುವವರಿಗೆ ಬೇಕಾದ ಎಣ್ಣೆ ಅದು. 1954ರಲ್ಲಿ ಸರ್ಕಾರವೇ ಈ ಬೆಳೆಗೆಂದು ರೋರಿಕ್ ದಂಪತಿಗೆ 100 ಎಕರೆ ಕೊಟ್ಟಿತು. ಉಳಿದದ್ದನ್ನು ಅವರು ಕೊಂಡರು. ಮುಂದೆ ಭೂಸುಧಾರಣೆಯ ಕಾಯ್ದೆ ಬಿಗಿಯಾದಾಗಲೂ ಲಿನಾಲೋ ಬೆಳೆಯುವ ಜಮೀನಿಗೆ ವಿನಾಯಿತಿ ಇತ್ತು. ಹೀಗೆ ಮರಗಳೇ ಆ ಜಮೀನನ್ನು ಒಂದೇ ತುಂಡಾಗಿ ಕಾಪಾಡಿದವು. ಆ ಮರಗಳಿಂದ ಕಾಯಿ ಬಿಡಿಸಿದ ಕೈಗಳು ಯಾರವು? ಭಟ್ಟಿಯ ಒಲೆಗೆ ಸೌದೆ ಹಾಕಿದವರು ಯಾರು? ತೋಟದ ಒಳಗೇ ಹಗಲುಗಳನ್ನು ಕಳೆದ ಆಳುಕಾಳುಗಳು, ಅಡುಗೆಯವರು, ಕಾವಲಿನವರು ಸುತ್ತಲ ಹಳ್ಳಿಗಳಲ್ಲಿ ಮುದುಕರಾಗುತ್ತಿರುತ್ತಾರೆ. ನಟಿ ಮತ್ತು ಚಿತ್ರಕಾರರ ಮನೆಯೆಂದು ನಾವು ಹೇಳುವಾಗ ಇವರನ್ನು ಬಿಟ್ಟುಬಿಡುತ್ತೇವೆ. ದಯವಿಟ್ಟು ಮೊದಲು ಇವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಗೋಡೆ ಇನ್ನೈದು ವರ್ಷ ಕಾಯುತ್ತದೆ, ಇವರು ಕಾಯಲಾರರು.

ಕೊನೆಯ ವರ್ಷಗಳಲ್ಲಿ ದಂಪತಿ ತಾತಗುಣಿ ಬಿಟ್ಟು ನಗರದ ಅಶೋಕ ಹೋಟೆಲಿನಲ್ಲಿ ಇದ್ದರು. ಮಕ್ಕಳಿರಲಿಲ್ಲ. ವಯಸ್ಸಾಗಿತ್ತು, ಕಾಯಿಲೆ ಬೇರೆ. 1991 ಮತ್ತು 1992ರಲ್ಲಿ ಎಸ್ಟೇಟಿನ ದೊಡ್ಡ ಭಾಗ ಕ್ರಯವಾಗಿದೆ ಎಂಬ ಪತ್ರಗಳು ಹುಟ್ಟಿಕೊಂಡವು, ಅಲ್ಲಿಂದ ವಿವಾದ. 1993ರ ಜನವರಿ 30ರಂದು ಸ್ವೆಟೊಸ್ಲಾವ್ ತೀರಿಕೊಂಡರು. 1994ರ ಮಾರ್ಚ್ 8ರಂದು ಸರ್ಕಾರ ಅಧಿಸೂಚನೆ ಹೊರಡಿಸಿ ಲಿನಾಲೋ ಜಮೀನಿಗಿದ್ದ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಮಾರನೆಯ ದಿನ, ಮಾರ್ಚ್ 9ರಂದು, ದೇವಿಕಾರಾಣಿ ಕಣ್ಣು ಮುಚ್ಚಿದರು. ಈ ಎರಡು ತಾರೀಖುಗಳ ನಡುವೆ ಯಾವ ಸಂಬಂಧವನ್ನೂ ನಾನು ಕಟ್ಟುತ್ತಿಲ್ಲ. ಆದರೆ ನಿಮ್ಮ ಕಡತಗಳಲ್ಲಿ ಅವೆರಡೂ ಅಕ್ಕಪಕ್ಕ ಇವೆ, ಓದುವವರ ಮನಸ್ಸು ಅಲ್ಲಿ ನಿಲ್ಲದೆ ಹೋಗದು. ಇಬ್ಬರ ಸಮಾಧಿಯೂ ತಾತಗುಣಿಯಲ್ಲೇ ಇದೆ.

ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಓದುಗರಿಗಾಗಿ ಹೇಳುತ್ತೇನೆ. 1996ರಲ್ಲಿ ಕರ್ನಾಟಕ ವಿಧಾನಮಂಡಲದ ಪ್ರತ್ಯೇಕ ಕಾಯ್ದೆಯೇ ಜಾರಿಗೆ ಬಂತು. ಒಂದು ಮನೆ, ಒಂದು ತೋಟಕ್ಕೆಂದೇ ಒಂದು ಶಾಸನ! ಅದರ ಉದ್ದೇಶವನ್ನೂ ಅದರಲ್ಲೇ ಬರೆದರು: ಎಸ್ಟೇಟನ್ನು ಸರ್ಕಾರ ಸ್ವಾಧೀನಪಡಿಸಿಕೊಂಡು, ಮರಗಳನ್ನೂ ಕಲಾಕೃತಿಗಳನ್ನೂ ಕಾಪಾಡಿ, ಅಲ್ಲೊಂದು ಕಲಾ ಗ್ಯಾಲರಿ ಮತ್ತು ವಸ್ತುಸಂಗ್ರಹಾಲಯ ಸ್ಥಾಪಿಸಬೇಕು. ನಿಮ್ಮ ಮಂಡಳಿ ಇರುವುದೂ ಆ ಕಾಯ್ದೆಯಿಂದಲೇ. ಜಮೀನು ಕೊಂಡಿದ್ದೇವೆ ಎಂದವರು ನ್ಯಾಯಾಲಯಕ್ಕೆ ಹೋದರು. ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ, ಅಲ್ಲಿಂದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠಕ್ಕೆ ಮೊಕದ್ದಮೆ ಏರಿತು.

ಅಲ್ಲಿ ಎದ್ದ ಪ್ರಶ್ನೆ ತಾತಗುಣಿಗಿಂತ ಬಹಳ ದೊಡ್ಡದು. ಆಸ್ತಿಯ ಹಕ್ಕು ಒಂದು ಕಾಲಕ್ಕೆ ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು, 300ಎ ವಿಧಿಯಲ್ಲಿ ಒಂದೇ ಸಾಲಾಗಿ ಇರಿಸಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದು ಎಂದಷ್ಟೇ ಅಲ್ಲಿದೆ. ಪರಿಹಾರ ಎಂಬ ಪದ ಇಲ್ಲ. ಹಾಗಾದರೆ ಸರ್ಕಾರ ಬಿಡಿಗಾಸು ಕೊಡದೆ ಯಾರ ಮನೆಯನ್ನಾದರೂ ತೆಗೆದುಕೊಳ್ಳಬಹುದೇ? ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ನೇತೃತ್ವದ ಪೀಠ 2011ರ ಆಗಸ್ಟ್ 9ರಂದು ಉತ್ತರ ಕೊಟ್ಟಿತು. ಸಾರ್ವಜನಿಕ ಉದ್ದೇಶ ಇರಲೇಬೇಕು, ಪರಿಹಾರ ಕೇಳುವ ಹಕ್ಕು 300ಎ ವಿಧಿಯೊಳಗೇ ಅಡಗಿದೆ, ಕೊಡದಿದ್ದರೆ ಅದಕ್ಕೆ ಸರ್ಕಾರ ಸಮರ್ಥನೆ ಒದಗಿಸಬೇಕು ಎಂದಿತು. ಜೊತೆಗೇ ಕರ್ನಾಟಕದ ಕಾಯ್ದೆಯನ್ನು ಎತ್ತಿಹಿಡಿಯಿತು. ಇವತ್ತು ದೇಶದ ಯಾವ ಮೂಲೆಯಲ್ಲಿ ರಸ್ತೆಗೋ ಅಣೆಕಟ್ಟೆಗೋ ಜಮೀನು ಕಳೆದುಕೊಂಡ ರೈತನ ವಕೀಲರು 300ಎ ಎಂದು ವಾದಿಸಿದರೂ ಈ ತೀರ್ಪಿನ ಆಸರೆ ಪಡೆಯುತ್ತಾರೆ. ನಮ್ಮ ಪಕ್ಕದ ಒಂದು ತೋಟದ ಮನೆಯಿಂದ ಕೋಟ್ಯಂತರ ಜನರ ಮನೆಗಳಿಗೆ ಒಂದು ರಕ್ಷಣೆ ಸಿಕ್ಕಿತು. ನನ್ನ ಪಾಲಿಗೆ ಇದು ಆ ಮನೆಯ ಚರಿತ್ರೆಯ ಅತ್ಯಂತ ದೊಡ್ಡ ಅಧ್ಯಾಯ, ಸಿನಿಮಾಕ್ಕಿಂತಲೂ ಚಿತ್ರಕ್ಕಿಂತಲೂ ದೊಡ್ಡದು. ವಸ್ತುಸಂಗ್ರಹಾಲಯ ಆದಾಗ ಒಂದು ಕೋಣೆ ಪೂರ್ತಿ ಇದಕ್ಕೇ ಮೀಸಲಾಗಬೇಕು. ಕಾನೂನು ಓದುವ ಮಕ್ಕಳು ಬಂದು ನಿಂತು ಓದಬೇಕು.

ಇಲ್ಲಿಂದ ನನ್ನ ವಾದ ಸರಳ. ಸರ್ಕಾರ ನ್ಯಾಯಾಲಯದಲ್ಲಿ ಹೇಳಿದ್ದೇನು? ಈ ಎಸ್ಟೇಟು ಸಾರ್ವಜನಿಕರಿಗಾಗಿ ಬೇಕು ಎಂದು. ಕಾಯ್ದೆ ನಿಂತದ್ದು ಯಾವುದರ ಮೇಲೆ? ಸಾರ್ವಜನಿಕ ಉದ್ದೇಶದ ಮೇಲೆ. ಹದಿನೈದು ವರ್ಷ ನಮ್ಮ ಹೆಸರು ಹೇಳಿ ಹೋರಾಡಿ ಗೆದ್ದ ಮೇಲೂ ಆ ಸಾರ್ವಜನಿಕರು ಗೇಟಿನ ಹೊರಗೇ ಇದ್ದಾರೆ. ಸ್ವಾಧೀನ ಮಾಡಿಕೊಂಡದ್ದು ಸರಿ ಎಂದು ಮನಸಾರೆ ಒಪ್ಪುವವನು ನಾನು. ಆಗ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಅಲ್ಲಿ ಸೈಟುಗಳೆದ್ದು, ಕೆರೆಯ ಹೆಸರು ಯಾವುದೋ ಅಪಾರ್ಟ್‌ಮೆಂಟಿನ ಬೋರ್ಡಿನ ಮೇಲೆ ಮಾತ್ರ ಉಳಿದಿರುತ್ತಿತ್ತು. ಅದಕ್ಕಾಗಿ ಅಂದಿನ ಅಧಿಕಾರಿಗಳಿಗೂ ವಕೀಲರಿಗೂ ಕೃತಜ್ಞ. ಆ ಕೆಲಸದ ಎರಡನೇ ಅರ್ಧ ಬಾಕಿ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ಇದು ಆಗದ ಕೆಲಸವೇನಲ್ಲ. ಹಿಮಾಚಲದ ನಗ್ಗರ್‌ನಲ್ಲಿ ಇದೇ ರೋರಿಕ್ ಮನೆತನದ ಮನೆ ಇದೆ. ನಿಕೊಲಾಯ್ ರೋರಿಕ್ 1947ರಲ್ಲಿ ತೀರಿಕೊಂಡದ್ದು ಅಲ್ಲೇ. ಅದನ್ನು ಉಳಿಸಲು ಸ್ವೆಟೊಸ್ಲಾವ್ ತಮ್ಮ ಕೊನೆಗಾಲದಲ್ಲಿ ಟ್ರಸ್ಟ್ ಮಾಡಿಟ್ಟುಹೋದರು, ಇಂದು ಯಾರು ಬೇಕಾದರೂ ಟಿಕೆಟ್ ಕೊಂಡು ನೋಡಬಹುದು. ವಾಸದ ಕೋಣೆಗಳನ್ನು ಇದ್ದ ಹಾಗೇ ಇಟ್ಟಿದ್ದಾರೆ, ಜನ ಹೊರಗಿನ ಮೊಗಸಾಲೆಯಲ್ಲಿ ನಡೆಯುತ್ತ ಕಿಟಕಿಯ ಗಾಜಿನಿಂದ ನೋಡುತ್ತಾರೆ. ಒಳಗಿನ ಕುರ್ಚಿಗೂ ಪುಸ್ತಕಕ್ಕೂ ಯಾರ ಕೈಯೂ ತಾಗುವುದಿಲ್ಲ. ಹಳೆಯ, ನಾಜೂಕಾದ ಮನೆಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣುವುದಿಲ್ಲ. ಒಂದೇ ದಂಪತಿಯ ಎರಡು ಮನೆಗಳಲ್ಲಿ ಬೆಟ್ಟದ ಮೇಲಿನದು ತೆರೆದಿದೆ, ಮೆಟ್ರೋ ಹತ್ತಿರಕ್ಕೇ ಬಂದಿರುವ ಮನೆ ಮುಚ್ಚಿದೆ.

ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ. 2011ರಲ್ಲಿ, ಅಂದರೆ ನಿಮ್ಮ ತೀರ್ಪು ಬಂದ ವರ್ಷವೇ, ಅದನ್ನು ಕೆಡವಲು ಶುರುಮಾಡಿದ್ದರು. ಪತ್ರಿಕೆಗಳು ಬರೆದವು, ಊರಿನವರು ಎದ್ದು ನಿಂತರು, ಕೆಲಸ ನಿಂತಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡ ನಾಡಿನ ದುಡ್ಡೇಕೆ ಎಂಬ ಆಕ್ಷೇಪವೂ ಬಂತು. ಎಲ್ಲ ದಾಟಿ ಅದು ದುರಸ್ತಿಯಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮಹಡಿಯ ಮೇಲಿನ ಕೋಣೆಗೆ ಎಂಟು ಕಿಟಕಿ. ಎಲ್ಲ ದಿಕ್ಕೂ ಕಾಣುತ್ತಿದ್ದುದರಿಂದ ಬರೆಯಲು ಮನಸ್ಸು ನಿಲ್ಲದೆ, ಕೊನೆಗೆ ಪರದೆ ಕಟ್ಟಿಕೊಂಡು ಬರೆಯಬೇಕಾಯಿತು ಎಂದು ನಾರಾಯಣ್ ಹೇಳಿಕೊಂಡಿದ್ದಾರೆ. ಆ ಕೋಣೆಯಲ್ಲಿ ನಿಂತರೆ ಮಾತ್ರ ಇದು ಅರ್ಥವಾಗುತ್ತದೆ. ಪುಸ್ತಕವೋ ಫೋಟೋವೋ ಈ ತಿಳಿವಳಿಕೆ ಕೊಡಲಾರದು.

ನಮ್ಮ ಪಶ್ಚಿಮ ಬೆಂಗಳೂರಿಗೆ ಇದು ಇನ್ನೂ ಹೆಚ್ಚು ಬೇಕು. ಬಸವನಗುಡಿಗೆ, ಮಲ್ಲೇಶ್ವರಕ್ಕೆ ತೋರಿಸಲು ಹಳೆಯ ಮನೆಗಳಿವೆ. ಗವಿಪುರದಲ್ಲಿ ಮಾಸ್ತಿಯವರ ಮನೆ ಇದೆ. ನಮ್ಮದು ಸ್ವಾತಂತ್ರ್ಯ ಬಂದ ಮೇಲೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹಾಕಿದ ಬಡಾವಣೆಗಳ ಸೀಮೆ: ಕಾರ್ಖಾನೆ ಕೆಲಸದವರು, ಗುಮಾಸ್ತರು, ಮೇಷ್ಟರು ಕಂತು ಕಟ್ಟಿ ಮಾಡಿಕೊಂಡ ಮನೆಗಳು. ರೆಡ್ ಆಕ್ಸೈಡ್ ನೆಲ, ಮುಂದೆ ಚಿಕ್ಕ ಜಗಲಿ, ಗ್ರಿಲ್ ಹಾಕಿದ ವರಾಂಡ, ಹಿತ್ತಲಲ್ಲಿ ತೆಂಗು, ಒಗೆಯುವ ಕಲ್ಲು. ಅವೂ ಒಂದು ವಾಸ್ತುಶಿಲ್ಪವೇ, ಆದರೆ ಯಾರೂ ಹಾಗೆ ಕರೆಯಲಿಲ್ಲ. ಒಂದೊಂದಾಗಿ ಒಡೆದು, ನಾಲ್ಕು ಮಹಡಿ ಎದ್ದು, ಕೆಳಗೆ ಪಾರ್ಕಿಂಗ್ ಬಂತು. ಅವರವರ ಸಂಸಾರ, ಅವರವರ ಅನಿವಾರ್ಯ. ಯಾರನ್ನೂ ನಾನು ದೂರಲಾರೆ. ಆದರೆ 1950ರ ದಶಕದಲ್ಲಿ ನಮ್ಮ ಸೀಮೆಯ ಜನ ಹೇಗೆ ಬದುಕುತ್ತಿದ್ದರು ಎಂದು ಮೊಮ್ಮಕ್ಕಳಿಗೆ ತೋರಿಸಲು ಒಂದಾದರೂ ಕಟ್ಟಡ ಉಳಿಯಲಿ. ಅದೇ ದಶಕದಲ್ಲಿ ರೂಪುಗೊಂಡ, ಸರ್ಕಾರದ ವಶದಲ್ಲೇ ಇರುವ, ಯಾರೂ ಒಡೆಯಲಾರದ ಮನೆಯೆಂದರೆ ನಿಮ್ಮದು. ಅಲ್ಲಿಯ ಒಂದು ಗೋಡೆಯ ಮೇಲೆ ರಾಜಾಜಿನಗರ, ವಿಜಯನಗರದ ಹಳೆಯ ಮನೆಗಳ ಫೋಟೋಗಳಿಗೂ ಜಾಗ ಕೊಡಿ. ಜನರನ್ನು ಕೇಳಿದರೆ ತಾವಾಗಿಯೇ ತಂದುಕೊಡುತ್ತಾರೆ.

ಈಗ ಕೆಲವು ಭಯಗಳನ್ನೂ ಹೇಳಿಬಿಡುತ್ತೇನೆ. ತೆರೆಯಿರಿ ಎಂದ ಕೂಡಲೇ ಅಲ್ಲಿ ಏನೇನೋ ಕಟ್ಟುವ ಆಸೆ ಹುಟ್ಟೀತು. ದಯವಿಟ್ಟು ಆಂಫಿಥಿಯೇಟರ್ ಬೇಡ, ಸಂಗೀತ ಕಾರಂಜಿ ಬೇಡ, ಫುಡ್ ಕೋರ್ಟ್ ಬೇಡವೇ ಬೇಡ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಆ ತೋಟಕ್ಕೂ ಕೆರೆಗೂ ಬಂದುಹೋಗುತ್ತವೆ. ಅವೂ ಆ ಜಾಗದ ನಿವಾಸಿಗಳೇ. ರಾತ್ರಿಯ ದೀಪ, ಧ್ವನಿವರ್ಧಕ ಅವುಗಳ ದಾರಿ ತಪ್ಪಿಸಿದರೆ ಪಕ್ಕದ ಹಳ್ಳಿಯ ರಾಗಿ ಹೊಲ ಅದರ ಬೆಲೆ ತೆರುತ್ತದೆ. ದುರಸ್ತಿಯಲ್ಲೂ ಆತುರ ಬೇಡ. ಮೊದಲು ಇಡೀ ಮನೆಯನ್ನೂ ಸ್ಟುಡಿಯೋವನ್ನೂ ಭಟ್ಟಿಯ ಜಾಗವನ್ನೂ ಅಳತೆ ಮಾಡಿ ನಕ್ಷೆ ಬರೆಸಿ, ಆ ನಕ್ಷೆಗಳನ್ನು ಪ್ರಕಟಿಸಿ. ಗಾರೆ ಇದ್ದಲ್ಲಿ ಗಾರೆಯನ್ನೇ ಬಳಸಿ. ಹಳೆಯ ಗಾರೆಯ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಪುಡಿಯಾಗುತ್ತದೆ ಎಂಬುದು ಹಳೆಯ ಮೇಸ್ತ್ರಿಗಳಿಗೆಲ್ಲ ಗೊತ್ತು. ಟೆಂಪೆರಾ ಬಣ್ಣದಲ್ಲಿ ಬರೆದ ಚಿತ್ರಗಳು ತೇವವನ್ನೂ ನೇರ ಬಿಸಿಲನ್ನೂ ತಾಳುವುದಿಲ್ಲ, ಆದ್ದರಿಂದ ಮೂಲ ಚಿತ್ರಗಳನ್ನು ಅಲ್ಲಿಗೆ ತರುವ ಮುನ್ನ ತಜ್ಞರ ಮಾತು ಕೇಳಿ. ಅಷ್ಟರವರೆಗೆ ಒಳ್ಳೆಯ ಪ್ರತಿಗಳಿದ್ದರೆ ಸಾಕು.

ಶುರುಮಾಡಲು ದೊಡ್ಡ ಹಣವೇನೂ ಬೇಕಾಗಿಲ್ಲ. ತಿಂಗಳಿಗೆ ಒಂದು ಭಾನುವಾರ, ಬೆಳಗ್ಗೆ ಮಾತ್ರ, ಮೊದಲೇ ಹೆಸರು ಬರೆಸಿದ ಇಪ್ಪತ್ತೈದು ಜನ. ಅರಣ್ಯ ಇಲಾಖೆಯ ಒಬ್ಬರು, ಚಿತ್ರಕಲಾ ಪರಿಷತ್ತಿನ ಒಬ್ಬರು, ಹಳ್ಳಿಯಿಂದ ತೋಟವನ್ನು ಬಲ್ಲ ಒಬ್ಬರು ಜೊತೆಗಿರಲಿ. ಮನೆಯ ಕೋಣೆಗಳನ್ನು ನಗ್ಗರ್‌ನಂತೆ ಕಿಟಕಿಯಿಂದ ತೋರಿಸಿ. ಲಿನಾಲೋ ಮರದ ಕೆಳಗೆ ನಿಲ್ಲಿಸಿ ಕಾಯಿಯನ್ನು ಕೈಗೆ ಕೊಡಿ, ಮೂಸಿ ನೋಡಲಿ. ಸಮಾಧಿಗಳ ಹತ್ತಿರ ಹೋಗಿ ಬರಲಿ. ವರ್ಷದಲ್ಲಿ ಎರಡು ಸಲ ಸರ್ಕಾರಿ ಶಾಲೆಯ ಮಕ್ಕಳಿಗೆ ಪ್ರತ್ಯೇಕ ದಿನ ಕೊಡಿ. ಏಪ್ರಿಲ್ 15ರಂದು ಆ ಮನೆಯ ಮೇಲೆ ಮೂರು ಬಿಂದುಗಳ ಬಾವುಟ ಹಾರಿಸಿ.

2021ರಿಂದ ಕೆಂಗೇರಿಗೆ ನೇರಳೆ ಮಾರ್ಗದ ಮೆಟ್ರೋ ಇದೆ, ಕನಕಪುರ ರಸ್ತೆಯ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಹಸಿರು ಮಾರ್ಗ ಇದೆ. ಆ ಭಾನುವಾರಗಳಂದು ಎರಡೂ ನಿಲ್ದಾಣಗಳಿಂದ ತಾತಗುಣಿಗೆ ಒಂದೊಂದು ಬಿಎಂಟಿಸಿ ಬಸ್ಸು ಬಿಡಿಸಿದರೆ ಕಾರಿಲ್ಲದವರೂ ಬರುತ್ತಾರೆ. ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ, ಮೊದಲ ಭಾನುವಾರ ಯಾವುದೆಂದು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹಳ್ಳಿಗಳಿಗೆ ಹೋಗಿ ಹಿರಿಯರ ಮಾತು ಧ್ವನಿಮುದ್ರಿಸುವ ಕೆಲಸಕ್ಕೆ ಸಂಬಳವಿಲ್ಲದೆ ಬರಲು ನಾನು ಸಿದ್ಧ, ನನ್ನಂಥವರು ನಮ್ಮ ಬಡಾವಣೆಗಳಲ್ಲಿ ಇನ್ನೂ ಸಿಗುತ್ತಾರೆ.


ಕೆಂಗೇರಿಯ ಒಬ್ಬ ನಿವಾಸಿ